ಆಘಾತದ ಚಿಕಿತ್ಸೆಯಲ್ಲಿ ನೆನಪನ್ನು ಕೆದಕಬೇಕೆ?

1974ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಪುಟ್ಟ ಚಿತ್ರವೊಂದನ್ನು ತೋರಿಸಿದರು. ಕೆಲವರಿಗೆ ಕಾರುಗಳು ‘ಡಿಕ್ಕಿಯಾದಾಗ’ ವೇಗ ಎಷ್ಟಿತ್ತು ಎಂದೂ ಇನ್ನು ಕೆಲವರಿಗೆ ‘ಅಪ್ಪಳಿಸಿದಾಗ’ ಎಷ್ಟಿತ್ತು ಎಂದೂ ಕೇಳಿದರು. ವಾರದ ಮೇಲೆ, ಒಡೆದ ಗಾಜು ಕಂಡಿರಾ ಎಂದಾಗ ‘ಅಪ್ಪಳಿಸಿದ’ ಎಂದು ಕೇಳಿಸಿಕೊಂಡವರಲ್ಲಿ ಶೇ. 32ರಷ್ಟು ಜನ ಹೌದೆಂದರು. ಇನ್ನೊಂದು ಗುಂಪಿನಲ್ಲಿ ಶೇ. 14. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ.

ಒಂದು ಪ್ರಶ್ನೆಗೇ ಇಷ್ಟು ಬಲವಿದ್ದರೆ, ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಯ ಮಾತಿಗೆ ಎಷ್ಟಿರಬೇಡ? ನೆನಪೆಂದರೆ ವಿಡಿಯೊ ಕ್ಯಾಮೆರಾದ ದಾಖಲೆ ಎಂದು ನಂಬಿದ ಚಿಕಿತ್ಸಕರು, ‘ನಿಮ್ಮ ಲಕ್ಷಣ ನೋಡಿದರೆ ಚಿಕ್ಕಂದಿನಲ್ಲಿ ಏನೋ ನಡೆದಿರಬೇಕು, ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಿ’ ಎನ್ನುತ್ತಾರೆ. ಕಲ್ಪಿಸಿಕೊಂಡದ್ದು ಮುಂದಿನ ಭೇಟಿಯ ಹೊತ್ತಿಗೆ ಪರಿಚಿತವೆನಿಸುತ್ತದೆ. ಕಂಡದ್ದೋ, ಕೇಳಿದ್ದೋ, ಊಹಿಸಿದ್ದೋ ಎಂಬ ಗೆರೆ ಅಳಿಸಿಹೋಗುತ್ತದೆ. ಹೇಳುವವರು ಸುಳ್ಳಾಡುತ್ತಿಲ್ಲ, ಅವರ ಕಣ್ಣೀರೂ ನಿಜ.

ಕ್ಯಾಲಿಫೋರ್ನಿಯಾದಲ್ಲಿ ಊಟದ ತೊಂದರೆಗೆಂದು ಚಿಕಿತ್ಸೆಗೆ ಹೋದ ಯುವತಿಯೊಬ್ಬಳಿಗೆ ತಂದೆಯ ದೌರ್ಜನ್ಯದ ನೆನಪುಗಳು ಮೂಡಿದವು. ಸೋಡಿಯಂ ಅಮೈಟಾಲ್ ಎಂಬ ಮಂಪರು ತರಿಸುವ ಔಷಧ ಕೊಟ್ಟೂ ಆಕೆಯನ್ನು ಪ್ರಶ್ನಿಸಲಾಯಿತು. ತಂದೆ ಮೊಕದ್ದಮೆ ಹೂಡಿದ. 1994ರಲ್ಲಿ ಜ್ಯೂರಿ ಚಿಕಿತ್ಸೆ ಕೊಟ್ಟವರು ನಿರ್ಲಕ್ಷ್ಯ ತೋರಿದ್ದಾರೆಂದು ತೀರ್ಮಾನಿಸಿ 5 ಲಕ್ಷ ಡಾಲರ್ ಪರಿಹಾರ ವಿಧಿಸಿತು. ನಮ್ಮಲ್ಲಿ ಮಂಪರು ಪರೀಕ್ಷೆಗೆ ಬಳಸುವ ಪೆಂಟೊಥಾಲ್ ಇದೇ ಜಾತಿಯ ಔಷಧ. ಅದು ನಾಲಿಗೆ ಸಡಿಲಿಸುತ್ತದೆ, ಆದರೆ ಸತ್ಯವನ್ನೇ ಹೊರಡಿಸುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ. ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ.

ಇದನ್ನೆಲ್ಲ ಓದಿ ನೊಂದವರ ಮಾತನ್ನೇ ಅನುಮಾನಿಸಹೊರಟರೆ ಅದು ದೊಡ್ಡ ಅನ್ಯಾಯ. ನೆನಪು ಕ್ಯಾಮೆರಾದಂತೆ ಎಂಬ ಕಲ್ಪನೆ ಅವರಿಗೂ ಏಟು ಕೊಡುತ್ತದೆ. ಪ್ರಾಣಭಯದಲ್ಲಿ ಗಮನವೆಲ್ಲ ಚಾಕುವಿನ ಮೇಲೋ ಕತ್ತು ಹಿಡಿದ ಕೈಯ ಮೇಲೋ ಇರುತ್ತದೆ. ತಾರೀಖು, ಅಂಗಿಯ ಬಣ್ಣ ಉಳಿಯದಿರಬಹುದು. ‘ಒಂದೊಂದು ಸಲ ಒಂದೊಂದು ಥರ ಹೇಳ್ತಾಳೆ’ ಎಂದು ಮನೆಯವರೂ ಪೊಲೀಸರೂ ತಳ್ಳಿಹಾಕುವುದು ಇದನ್ನು ತಿಳಿಯದೆ. ಇಂಥವರಲ್ಲಿ ಹೆಚ್ಚಿನವರ ಕಷ್ಟ ಮರೆವಲ್ಲ, ಬೇಡವೆಂದರೂ ಮೇಲೆ ಬೀಳುವ ನೆನಪು.

ಒಳ್ಳೆಯ ಚಿಕಿತ್ಸೆ ಶುರುವಾಗುವುದೇ ಆ ನೆನಪಿನಿಂದ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ವಿಧಾನಗಳಲ್ಲಿ ಎರಡು, ಅಂದರೆ ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್, ಈಗಾಗಲೇ ಕಾಡುತ್ತಿರುವುದರೊಡನೆ ಕೆಲಸ ಮಾಡುತ್ತವೆ. ಸುರಕ್ಷಿತ ಕೋಣೆಯಲ್ಲಿ ಅದನ್ನು ಎದುರಿಸುತ್ತ ಭಯದ ತೀವ್ರತೆ ಇಳಿಯುತ್ತದೆ, ‘ತಪ್ಪು ನನ್ನದೇ’ ಎಂಬ ಹಿಡಿತ ಸಡಿಲವಾಗುತ್ತದೆ. ಇಎಂಡಿಆರ್‌ನಲ್ಲಿ ದೃಶ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅತ್ತಿತ್ತ ಚಲಿಸುವ ಬೆರಳನ್ನು ಕಣ್ಣಿಂದ ಹಿಂಬಾಲಿಸಬೇಕು. ನೆನಪಿನಲ್ಲಿ ಖಾಲಿ ಜಾಗ ಉಳಿದರೂ ಗುಣವಾಗಲು ಅಡ್ಡಿಯಿಲ್ಲ.

ಹಾಗಾಗಿ ಮೊದಲ ಭೇಟಿಯಲ್ಲೇ ಚಿಕಿತ್ಸಕರನ್ನು ಕೇಳಿ: ‘ನೆನಪಾಗದ್ದನ್ನು ನೆನಪು ಮಾಡಿಕೊಳ್ಳಲೇಬೇಕಾ?’ ಬೇಕು, ಸಂಮೋಹನದಿಂದ ಹೊರತೆಗೆಯೋಣ ಎಂದರೆ ಬೇರೆಯವರನ್ನು ನೋಡಿ. ‘ಆಮೇಲೆ ಏನಾಯಿತು?’ ಎಂದಷ್ಟೇ ಕೇಳಿ ಕಾಯುವವರು, ‘ಗೊತ್ತಿಲ್ಲ’ ಎಂಬುದನ್ನೂ ಉತ್ತರವೆಂದು ಒಪ್ಪುವವರು ಸಿಕ್ಕರೆ ಬಿಡಬೇಡಿ. ದೂರು ಕೊಡುವ ಯೋಚನೆಯಿದ್ದರೆ, ನೆನಪಿರುವಷ್ಟನ್ನು ನಿಮ್ಮದೇ ಮಾತಿನಲ್ಲಿ ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಯಾರ ಬಳಿ ಹೋಗಬೇಕೆಂದೇ ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.