ಜಮಾತ್ ಒಳಗಿನ ಭಿನ್ನ ದನಿ

ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕೃತಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಾವೆಲ್ಲ ಮೊಬೈಲಿನಲ್ಲಿ ಸ್ಟೇಟಸ್ ಹಾಕಿಕೊಂಡು ಖುಷಿಪಟ್ಟೆವು. ಅದಕ್ಕೂ 25 ವರ್ಷ ಮೊದಲು ಅವರಿಗೆ ಸಿಕ್ಕಿದ್ದು ಬಹಿಷ್ಕಾರ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಮುಸ್ಲಿಂ ಮಹಿಳೆಯರಿಗೂ ಮಸೀದಿ ಪ್ರವೇಶದ ಹಕ್ಕಿದೆ ಎಂದು ಹಾಸನದ ಈ ವಕೀಲೆ 2000ದಲ್ಲಿ ಹೇಳಿದರು. ಮೂರು ತಿಂಗಳು ಸಮಾಜ ಅವರನ್ನು ದೂರವಿಟ್ಟಿತು. ಬೆದರಿಕೆ ಕರೆಗಳು ಬಂದವು, ಒಬ್ಬ ಚಾಕು ಹಿಡಿದೂ ಬಂದ. ಅವರು ಸಮುದಾಯವನ್ನು ಬಿಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ.

ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಕೈಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯಕ್ಕಾಗಿ ಮಸೀದಿ ಮುಂದೆ ಕೂರುತ್ತಾಳೆ. (ಗಿರೀಶ್ ಕಾಸರವಳ್ಳಿ ಇದನ್ನೇ ‘ಹಸೀನಾ’ ಸಿನಿಮಾ ಮಾಡಿದರು.) ಆಕೆ ಕೇಳುವುದು ಧರ್ಮ ತನಗೆ ಕೊಟ್ಟ ಹಕ್ಕನ್ನೇ, ಕಿವಿಗೊಡದವರು ಮುತವಲ್ಲಿ. ಸ್ತ್ರೀವಾದ ಎಂದರೆ ಧರ್ಮವಿರೋಧ ಎನ್ನುವವರು ಇದನ್ನೊಮ್ಮೆ ಓದಲಿ ಎನಿಸುತ್ತದೆ ನನಗೆ.

2020ರಲ್ಲಿ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ ಸುಪ್ರೀಂ ಕೋರ್ಟಿಗೆ ತಿಳಿಸಿತು: ಮಹಿಳೆಯರು ಮಸೀದಿಗೆ ಬಂದು ನಮಾಜ್ ಮಾಡಲು ಇಸ್ಲಾಂನಲ್ಲಿ ಅಡ್ಡಿಯಿಲ್ಲ, ಜಮಾತ್ ಜೊತೆ ಮಾಡುವುದು ಅವರಿಗೆ ಕಡ್ಡಾಯವಲ್ಲ ಅಷ್ಟೇ.