ಗುಲಾಬಿ ಸೀರೆಯ ವಿದ್ಯಾರ್ಥಿನಿಯರು

ಕಲ್ಯಾಣದಿಂದ ಮುರಬಾಡದ ರಸ್ತೆ ಹಿಡಿದು ಒಳಗೆ ಹೋದರೆ ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಫಾಂಗಣೆ ಎಂಬ ಹಳ್ಳಿ. ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ಯೋಗೇಂದ್ರ ಬಾಂಗರ್ 2016ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಅಲ್ಲಿ ‘ಆಜೀಬಾಯಿಂಚಿ ಶಾಳಾ’ ಶುರುಮಾಡಿದರು. ಅಂದರೆ ಅಜ್ಜಿಯರ ಶಾಲೆ. ಪ್ರವೇಶಕ್ಕೆ ವಯಸ್ಸು ಅರವತ್ತು ಆಗಿರಬೇಕು!

ಊರಲ್ಲಿ ಶಿವಾಜಿ ಚರಿತ್ರೆಯ ಪಾರಾಯಣ ನಡೆದಾಗ, ತಮಗೂ ಓದಲು ಬಂದಿದ್ದರೆ ಎಂದು ಮುದುಕಿಯರು ಹಲುಬಿದ್ದೇ ಇದಕ್ಕೆ ಮೂಲ. ಗುಲಾಬಿ ಸೀರೆಯೇ ಸಮವಸ್ತ್ರ; ಹೆಗಲಿಗೆ ಚೀಲ, ಕೈಯಲ್ಲಿ ಸ್ಲೇಟು, ಬಳಪ. ಮನೆ, ಹೊಲದ ಕೆಲಸ ಮುಗಿಸಿ ಮಧ್ಯಾಹ್ನ ಎರಡಕ್ಕೆ ಬಂದು ಕೂತರೆ ನಾಲ್ಕರವರೆಗೆ ಪಾಠ.

ಕಲಿಸಿದವಳು ಊರಿನದೇ ಒಬ್ಬ ಸೊಸೆ. ಸ್ವಂತ ಅತ್ತೆಯೇ ಎದುರು ಕೂತು ಅಕ್ಷರ ತಿದ್ದುತ್ತಿದ್ದರು. ಸೊಸೆ ಹೇಳಿದ್ದನ್ನು ಅತ್ತೆ ತುಟಿಪಿಟಕ್ಕೆನ್ನದೆ ಕೇಳುವ ಜಾಗ ಬೇರೆಲ್ಲಿದೆಯೋ!

ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಹಾಕತೊಡಗಿದರು.