ಯಂತ್ರದೋಣಿಯ ತಳದ ಆಯ್ಕೆ

ಕರಾವಳಿಯ ಸಂಚಾರಕ್ಕೂ ಆಗಾಗ ಮೀನು ಹಿಡಿಯುವುದಕ್ಕೂ 25–30 ಅಡಿಯ ಯಂತ್ರದೋಣಿಯನ್ನು ಆರಿಸುವವರು ಮೊದಲು ಅಶ್ವಶಕ್ತಿಯನ್ನು ವಿಚಾರಿಸುವುದುಂಟು. ವಿಚಾರಿಸಬೇಕಾದುದು ತಳದ ಆಕಾರವನ್ನು. ನೀರನ್ನು ಸರಿಸುತ್ತ ಸಾಗುವ ದುಂಡುತಳದ ದೋಣಿಯು ತಾನೆಬ್ಬಿಸಿದ ಅಲೆಗೇ ಸೆರೆಯಾಗುತ್ತದೆ: ಜಲರೇಖೆಯ ಉದ್ದ 25 ಅಡಿಯಿದ್ದರೆ ವೇಗವು ಸುಮಾರು 6.7 ನಾಟುಗಳನ್ನು ಮೀರುವುದು ಕಷ್ಟ. ಇಂಧನದ ವೆಚ್ಚವೇನೋ ಅಲ್ಪ. ಚಪ್ಪಟೆತಳವು ನೀರಿನ ಮೇಲಕ್ಕೆದ್ದು ಜಾರುತ್ತ ಓಡುತ್ತದೆ. ಅಲೆಯೆದ್ದಾಗ ಅದರ ಬಡಿತವನ್ನು ಕುಳಿತವರ ಬೆನ್ನೆಲುಬೇ ಬಲ್ಲದು. ಅಮೆರಿಕದ ರೇಮಂಡ್ ಹಂಟ್ ರೂಪಿಸಿದ, ಆಳವಾದ ‘ವಿ’ ಆಕಾರದ ತಳವುಳ್ಳ 31 ಅಡಿಯ ‘ಮಾಪಿ’ ದೋಣಿಯು 1960ರ ಮಯಾಮಿ–ನಸ್ಸಾವು ಪಂದ್ಯವನ್ನು ಬಿರುಗಡಲಿನಲ್ಲಿ ಗೆದ್ದ ಮೇಲೆ ಆ ರೂಪವು ಬಹುವಾಗಿ ಹರಡಿತು. ಅದಕ್ಕೂ ಕುಂದುಂಟು: ಅದೇ ವೇಗಕ್ಕೆ ಹೆಚ್ಚು ಶಕ್ತಿಯನ್ನು ಬೇಡುತ್ತದೆ, ಗಾಳ ಹಾಕಿ ನಿಂತಾಗ ಮಗ್ಗುಲಿಂದ ಮಗ್ಗುಲಿಗೆ ತೂಗುತ್ತದೆ. ಮೀನಿಗಾಗಿ ನಿಲ್ಲುವುದು ಅಪರೂಪವಾದವರು ಈ ತೂಗಾಟವನ್ನು ಸಹಿಸಬಹುದು. ಬಂದರಿಗೆ ಮರಳುವಾಗ ಎದುರಲೆ ಎದ್ದರೆ ಬೇಕಾಗುವುದು ಚೂಪುತಳವೇ.